ದಂಟಿನ ರೋಬೋಟ್

ಜರಾಸಂಧನ ಕಥೆ ಬಲ್ಲ ಅಜ್ಜ-ಅಜ್ಜಿಯರಿಗೆ ಈಗಿನ ಮಕ್ಕಳ ರೋಬೋಟ್ ಗೊಂಬೆಗಳು ಏನೆಂದು ತಿಳಿಸಿ ಹೇಳುವುದು ಕಷ್ಟವಲ್ಲ. ಮಗಧದ ದೊರೆ ಬೃಹದ್ರಥನಿಗೆ ಮಕ್ಕಳಿರಲಿಲ್ಲ. ಚಂಡಕೌಶಿಕ ಋಷಿ ಕೊಟ್ಟ ಒಂದೇ ಮಾವಿನ ಹಣ್ಣನ್ನು ಅವನ ಇಬ್ಬರು ರಾಣಿಯರು ಹೋಳು ಮಾಡಿ ತಿಂದರು. ಇಬ್ಬರಿಗೂ ಅರ್ಧರ್ಧ ಮಗು ಹುಟ್ಟಿತು. ಹೆದರಿಕೊಂಡು ಎರಡು ಹೋಳನ್ನೂ ಹೊರಗೆ ಹಾಕಿಸಿಬಿಟ್ಟರು. ಜರಾ ಎಂಬ ರಾಕ್ಷಸಿ ಅವನ್ನು ಹೊತ್ತೊಯ್ಯಲು ಅನುಕೂಲವಾಗಲೆಂದು ಒಂದಕ್ಕೊಂದು ಸೇರಿಸಿದಳು. ಸೇರಿಸಿದ್ದೇ ತಡ, ಮಗು ಅಳತೊಡಗಿತು. ಮುಂದೆ ಭೀಮ ಅವನನ್ನು ಎಷ್ಟು ಸಲ ಸೀಳಿ ಒಗೆದರೂ ಹೋಳುಗಳು ಮತ್ತೆ ಕೂಡಿಕೊಳ್ಳುತ್ತಿದ್ದವಂತೆ. ಆಗ ಕೃಷ್ಣ ಒಂದು ಕಡ್ಡಿಯನ್ನು ಸೀಳಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಎಸೆದು ತೋರಿಸಿದ ಎಂದು ನಮ್ಮ ಕಡೆ ಕಥೆ ಹೇಳುವವರು ಹೇಳುತ್ತಾರೆ. ಎಡದ ಹೋಳು ಬಲದಲ್ಲಿ ಕೂಡಲಿಲ್ಲ. ಜರಾಸಂಧ ಅಲ್ಲಿಗೆ ಮುಗಿದ.

ನನ್ನ ಮೊಮ್ಮಗನ ರೋಬೋಟುಗಳನ್ನು ಭೀಮ ಸೋಲಿಸಲಾರ. ಏಕೆಂದರೆ ಅವುಗಳ ಎಡದ್ದು ಬಲಕ್ಕೂ ಕೂಡುತ್ತದೆ. ಕೆಂಪು ರೋಬೋಟಿನ ತಲೆ ನೀಲಿಯದಕ್ಕೆ, ನೀಲಿಯದರ ಕಾಲು ಬಿಳಿಯದಕ್ಕೆ, ಯಾವುದನ್ನು ಎಲ್ಲಿಗಾದರೂ ಚುಚ್ಚಬಹುದು. ಒಂದೊಂದೂ ಗೇಣಿಗಿಂತ ಗಿಡ್ಡ, ಸುಮಾರು ಹನ್ನೆರಡು ಹದಿಮೂರು ಸೆಂಟಿಮೀಟರ್ ಎತ್ತರ. ಎಲ್ಲ ಪ್ಲಾಸ್ಟಿಕ್. ಒಂದು ಪೆಟ್ಟಿಗೆಗೆ ಸಾವಿರದ ಎಂಟುನೂರು ರೂಪಾಯಿ. 1975ರಲ್ಲಿ ನಾನು ಬ್ಯಾಂಕಿನ ಗುಮಾಸ್ತನಾಗಿ ಸೇರಿದಾಗ ನನ್ನ ಒಂದು ತಿಂಗಳ ಸಂಬಳ ಅಷ್ಟಿರಲಿಲ್ಲ. ಇದನ್ನು ನಾನು ಮೊಮ್ಮಗನಿಗೆ ಹೇಳಿದೆ. ಅವನು, "ಹಾಗಾದ್ರೆ ನೀವು ಆಗ ಏನು ಆಡ್ತಿದ್ರಿ ಮುತ್ಯಾ?" ಎಂದು ಕೇಳಿದ. ಇಪ್ಪತ್ತನಾಲ್ಕು ವರ್ಷದ ಗುಮಾಸ್ತ ಆಡುತ್ತಾನೆಂದು ಅವನು ಹೇಗೆ ತಿಳಿದನೋ!

ನಮ್ಮದು ಚಿಂಚೋಳಿ ತಾಲೂಕಿನ ಐನಾಪುರ. ಬೆಳಗಾವಿ ಕಡೆಯೂ ಒಂದು ಐನಾಪುರವಿದೆ, ಅದಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ. ಕಳೆದ ಬೇಸಿಗೆ ರಜೆಗೆ ಮೊಮ್ಮಗ, ಮೊಮ್ಮಗಳು ಇಬ್ಬರೂ ಬಂದಿದ್ದರು. ಬಟ್ಟೆಯ ಚೀಲಕ್ಕಿಂತ ರೋಬೋಟಿನ ಚೀಲ ದೊಡ್ಡದಿತ್ತು. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿದೆ. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಕಾದರೂ ಆ ಕಲ್ಲು ತಣ್ಣಗಿರುತ್ತದೆ. ಅಲ್ಲಿ ಮಕ್ಕಳು ನಾಲ್ಕು ರೋಬೋಟನ್ನೂ ಬಿಚ್ಚಿ ಹರವಿದರು. ಕಲ್ಲಿನ ಸಂದಿಗೆ ಬಿದ್ದ ಸಣ್ಣ ಸಣ್ಣ ಮೊಳೆಗಳನ್ನು ಪಿನ್ನಿನಿಂದ ಕೆದಕಿ ತೆಗೆಯುವುದು ನನ್ನ ಕೆಲಸವಾಯಿತು.

ಕೂತು ನೋಡುತ್ತ ನೋಡುತ್ತ ನನಗೂ ಕುತೂಹಲ ಹುಟ್ಟಿತು. ಮಗನನ್ನು ಕೇಳಿ, ಓದಿ, ಒಂದಿಷ್ಟು ತಿಳಿದುಕೊಂಡೆ.

ಮೊದಲು ರೋಬೋಟ್ ಎಂಬ ಮಾತು. ಇದು ಇಂಗ್ಲಿಷ್ ಮಾತಲ್ಲ, ಚೆಕ್ ಭಾಷೆಯದು. ಕಾರೆಲ್ ಚಾಪೆಕ್ ಎಂಬ ಲೇಖಕ 1920ರಲ್ಲಿ ಬರೆದ ಒಂದು ನಾಟಕದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಕೃತಕ ಆಳುಗಳು ಬರುತ್ತಾರೆ. ಅವರಿಗೆ ಏನು ಹೆಸರಿಡಲಿ ಎಂದು ಅವನು ಯೋಚಿಸುತ್ತಿದ್ದಾಗ ಅವನ ಅಣ್ಣ ಯೋಸೆಫ್ ಈ ಮಾತನ್ನು ಸೂಚಿಸಿದ. ಚೆಕ್ ಭಾಷೆಯಲ್ಲಿ 'ರೋಬೋಟ' ಎಂದರೆ ಜಮೀನುದಾರನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. 1948ರ ತನಕ ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಈ ಸೀಮೆಯಲ್ಲಿ ಅದಕ್ಕೆ ಬಿಟ್ಟಿ ಚಾಕರಿ ಎನ್ನುತ್ತಿದ್ದರು. ನನ್ನ ತಂದೆ ಆ ಮಾತು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಮೊಮ್ಮಗನ ಕೈಯಲ್ಲಿ ಕತ್ತಿ ಹಿಡಿದು ಮೆರೆಯುವ ವೀರನ ಹೆಸರಿನೊಳಗೆ ಬಿಟ್ಟಿ ಆಳು ಕೂತಿದ್ದಾನೆ!

ಇನ್ನೊಂದು ತಮಾಷೆ ಇದೆ. ಇವನ್ನು ಗೊಂಬೆ ಎಂದರೆ ಹುಡುಗರಿಗೆ ಸಿಟ್ಟು. 'ಆ್ಯಕ್ಷನ್ ಫಿಗರ್' ಎನ್ನಬೇಕು. ಅಮೆರಿಕದ ಹ್ಯಾಸ್ಬ್ರೋ ಕಂಪನಿ 1964ರಲ್ಲಿ ಜಿ.ಐ. ಜೋ ಎಂಬ ಸೈನಿಕನ ಗೊಂಬೆ ಮಾಡಿತು. ಕೈಕಾಲು ಮಡಿಚುವ, ಬಟ್ಟೆ ಬದಲಿಸಬಹುದಾದ, ಹನ್ನೆರಡು ಇಂಚಿನ ಗೊಂಬೆ. ಗಂಡುಮಕ್ಕಳಿಗೆ ಗೊಂಬೆ ಎಂದು ಮಾರಿದರೆ ಯಾರೂ ಕೊಳ್ಳುವುದಿಲ್ಲವೆಂದು ಹುಟ್ಟಿಸಿದ ಹೆಸರು ಅದು. ನನ್ನ ಮೊಮ್ಮಗಳು ಇದನ್ನು ಕೇಳಿ ಅಣ್ಣನ ಮುಂದೆ, "ಗೊಂಬೆ, ಗೊಂಬೆ, ಗೊಂಬೆ" ಎಂದು ಕುಣಿದಳು. ಅರ್ಧ ದಿನ ಜಗಳ.

ಆ ಜಿ.ಐ. ಜೋವನ್ನೇ ಜಪಾನಿನ ತಕಾರ ಕಂಪನಿ ತನ್ನ ದೇಶದಲ್ಲಿ ಮಾರುತ್ತಿತ್ತು. 1972ರಲ್ಲಿ ಅದೇ ಮೈಕಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಬಳಸಿ, ಒಳಗೆ ಯಂತ್ರ ಕಾಣುವಂತೆ ಮಾಡಿತು. ಮರುವರ್ಷ ತೈಲದ ಬಿಕ್ಕಟ್ಟು ಬಂತು. ಪ್ಲಾಸ್ಟಿಕ್ ಆಗುವುದೇ ಪೆಟ್ರೋಲಿಯಮ್ಮಿನಿಂದ ತಾನೆ? ದೊಡ್ಡ ಗೊಂಬೆ ದುಬಾರಿಯಾಯಿತು. 1974ರಲ್ಲಿ ತಕಾರ ಸುಮಾರು ಹತ್ತು ಸೆಂಟಿಮೀಟರಿನ ಪುಟ್ಟ ಗೊಂಬೆ ತಂದಿತು. ಹೆಸರು ಮೈಕ್ರೋಮ್ಯಾನ್. ಇವುಗಳ ಜೊತೆಗೆ ಬರುವ ಗಾಡಿ, ಯಂತ್ರ, ಆಯುಧಗಳಿಗೆ ಐದು ಮಿಲಿಮೀಟರಿನ ಮೊಳೆ, ಐದು ಮಿಲಿಮೀಟರಿನ ತೂತು ಎಂದು ಒಂದೇ ಅಳತೆ ಇಟ್ಟರು. ಇಂದು ಕೊಂಡ ಗಾಡಿಯ ಚಕ್ರ ಆರು ತಿಂಗಳು ಬಿಟ್ಟು ಕೊಂಡ ಯಂತ್ರಕ್ಕೂ ಕೂಡುತ್ತದೆ. ತಕಾರದ ಮುಂದಿನ ಗೊಂಬೆಗಳನ್ನೇ ಹ್ಯಾಸ್ಬ್ರೋ ಕೊಂಡೊಯ್ದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಹೆಸರಿಟ್ಟಿತು. ಲಾರಿ ಹೋಗಿ ರೋಬೋಟ್ ಆಗುವ ಆ ಗೊಂಬೆಗಳನ್ನು ಸಿನಿಮಾದಲ್ಲಿ ಎಲ್ಲರೂ ನೋಡಿದ್ದೀರಿ. ಅವುಗಳ ಕೈಯಲ್ಲಿರುವ ಬಂದೂಕಿನ ಹಿಡಿ ಇವತ್ತಿಗೂ ಐದು ಮಿಲಿಮೀಟರೇ.

ನನ್ನ ಮೊಮ್ಮಗನವು ಬೇರೆ ಜಾತಿಯವು. ಅವುಗಳ ಅಳತೆ ಮೂರು ಮಿಲಿಮೀಟರು. ಬಂದೈ ಎಂಬ ಇನ್ನೊಂದು ಜಪಾನಿ ಕಂಪನಿ 2019ರಿಂದ ತಯಾರಿಸುತ್ತಿರುವ, ಅರ್ಧ ಗಂಟೆಯಲ್ಲಿ ಜೋಡಿಸಿ ಮುಗಿಸಬಹುದೆಂದು ಹೇಳುವ ಮಾದರಿಗಳು. ಅದೇ ಕಂಪನಿ 1980ರಲ್ಲಿ ಗುಂಡಮ್ ಎಂಬ ಕಾರ್ಟೂನ್ ರೋಬೋಟಿನ ಮಾದರಿಗಳನ್ನು ತಂದಿತ್ತು. ಹಿಂದಿನ ವರ್ಷ ಟಿ.ವಿ.ಯಲ್ಲಿ ಬಂದಾಗ ಆ ಕಾರ್ಟೂನನ್ನು ಹೆಚ್ಚು ಜನ ನೋಡಿರಲಿಲ್ಲ. ಗೊಂಬೆ ಬಂದ ಮೇಲೆ ಜಪಾನಿನ ಹುಡುಗರು ಅಂಗಡಿಯ ಮುಂದೆ ಸಾಲುಗಟ್ಟಿದರು. ಶಾಲೆಯ ಮಕ್ಕಳಿಗೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಕಥೆಯಲ್ಲಿ ಗುಂಡಮ್ಮಿನ ಎತ್ತರ 18 ಮೀಟರು. ಮಾದರಿ ಅದರ 144ರಲ್ಲಿ ಒಂದು ಪಾಲು. ಹಾಗಾದರೆ ಗೊಂಬೆಯ ಎತ್ತರವೆಷ್ಟು? ಭಾಗಿಸಿ ನೋಡಿ, ಹನ್ನೆರಡೂವರೆ ಸೆಂಟಿಮೀಟರು ಬರಬೇಕು.

ಇಂಥವನ್ನು ಕೂಡಿಡುವ ದೊಡ್ಡವರೂ ಇದ್ದಾರೆ. ಪೆಟ್ಟಿಗೆಯನ್ನೇ ಒಡೆಯದೆ ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಒಡೆದರೆ ಬೆಲೆ ಇಳಿಯುತ್ತದಂತೆ. ಮೂವತ್ತು ವರ್ಷಕ್ಕೂ ಮೇಲೆ ಜನರ ಫಿಕ್ಸೆಡ್ ಡಿಪಾಸಿಟ್ ರಸೀದಿ ಬರೆದುಕೊಟ್ಟವನು ನಾನು. ಈ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಠೇವಣಿ ಎಂದಾದರೂ ಬಿಡಿಸಿಕೊಳ್ಳಲೆಂದೇ ಇಡುವುದು. ಕೈ ಕಳಚಬಹುದಾದ ಗೊಂಬೆಯ ಕೈಯನ್ನು ಒಮ್ಮೆಯೂ ಕಳಚದೆ ಇಟ್ಟರೆ ಅದನ್ನು ಹಾಗೆ ಮಾಡಿದವನ ಶ್ರಮವೆಲ್ಲ ದಂಡ ಎಂದೇ ನನ್ನ ಅಭಿಪ್ರಾಯ. ಬೇರೆಯವರು ಬೇರೆ ಹೇಳಲಿ.

ಎರಡನೆಯ ದಿನಕ್ಕೇ ನಾನೊಂದು ರಿಜಿಸ್ಟರ್ ತೆರೆದೆ. ಹಳೆಯ ಚಟ. ಉದ್ದನೆಯ ಪುಸ್ತಕದಲ್ಲಿ ಗೆರೆ ಹಾಕಿ, ತಲೆ, ಎದೆ, ಸೊಂಟ, ಎಡಗೈ, ಬಲಗೈ, ಎಡಗಾಲು, ಬಲಗಾಲು ಎಂದು ಏಳು ಕಾಲಂ ಬರೆದೆ. ನಾಲ್ಕು ರೋಬೋಟು, ಏಳೇಳು ಭಾಗ, ಒಟ್ಟು ಇಪ್ಪತ್ತೆಂಟು. ಕತ್ತಿ, ಬೆನ್ನಿನ ಡಬ್ಬಿ, ಬಿಡಿ ಅಂಗೈಗಳು ಬೇರೆ ಪುಟದಲ್ಲಿ. ಸಂಜೆ ಎಲ್ಲ ಎಣಿಸಿ ಸರಿ ಹಾಕಿದ ಮೇಲೆಯೇ ಚೀಲಕ್ಕೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಮಕ್ಕಳಿಗೆ ಈ ಎಣಿಕೆಯೇ ಒಂದು ಆಟವಾಯಿತು.

ಒಂದು ಸಂಜೆ ಮೊಮ್ಮಗ ಕೇಳಿದ: "ಮುತ್ಯಾ, ಈ ನಾಲ್ಕರಿಂದ ಎಷ್ಟು ಥರ ರೋಬೋಟ್ ಮಾಡಬಹುದು?" ಬಿ.ಕಾಂ.ನಲ್ಲಿ ಕಲಿತದ್ದು ಅಷ್ಟಿಷ್ಟು ನೆನಪಿತ್ತು. ತಲೆಯನ್ನು ನಾಲ್ಕು ರೀತಿ ಆರಿಸಬಹುದು. ಒಂದೊಂದು ತಲೆಗೂ ನಾಲ್ಕು ಎದೆ, ಹದಿನಾರಾಯಿತು. ಅದಕ್ಕೆ ನಾಲ್ಕು ಸೊಂಟ, ಅರವತ್ತನಾಲ್ಕು. ಹೀಗೆ ಏಳು ಸಲ ನಾಲ್ಕನ್ನು ಗುಣಿಸುತ್ತ ಹೋದರೆ 16,384. ಎಡಗೈ ಎಡಕ್ಕೇ, ಬಲಗೈ ಬಲಕ್ಕೇ ಎಂಬ ನಿಯಮ ಹಾಕಿಕೊಂಡರೂ ಇಷ್ಟು! ದಿನಕ್ಕೊಂದರಂತೆ ಮಾಡಿದರೆ ಎಷ್ಟು ವರ್ಷ ಬೇಕೆಂದು ಮೊಮ್ಮಗಳು ಕೇಳಿದಳು. ನಲವತ್ತನಾಲ್ಕು ವರ್ಷ ಮಿಕ್ಕುತ್ತದೆ. "ಅಷ್ಟರಲ್ಲಿ ನನಗೆ ಮದುವೆ ಆಗಿರುತ್ತೆ" ಎಂದಳು.

ನಮ್ಮ ಓಣಿಯಲ್ಲೇ ಒಬ್ಬ ಹುಡುಗ ಇದ್ದಾನೆ. ಸರ್ಕಾರಿ ಶಾಲೆಯಲ್ಲಿ ಆರನೆಯ ಇಯತ್ತೆ. ತಾಯಿ ಹೊಲದ ಕೂಲಿಗೆ ಹೋಗುತ್ತಾಳೆ, ಮನೆಯಲ್ಲಿ ಅಜ್ಜಿ. ಎರಡು ದಿನ ಅವನು ನಮ್ಮ ಕಟ್ಟೆಯ ಮೇಲೆ ಕೂತು ದೂರದಿಂದ ನೋಡಿದ. ಮೂರನೆಯ ದಿನ ಬರಿಗೈಯಲ್ಲಿ ಬರಲಿಲ್ಲ. ಅವನ ಕೈಯಲ್ಲೂ ಒಂದು ರೋಬೋಟ್ ಇತ್ತು. ಜೋಳದ ದಂಟಿನದು.

ದಂಟಿನ ಆಟಿಕೆ ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತು. ಈಗಿನ ಓದುಗರಿಗಾಗಿ ಹೇಳುತ್ತೇನೆ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಒಣಗಿದ ದಂಟನ್ನು ದನಕ್ಕೆಂದು ಬಣವಿ ಒಟ್ಟುತ್ತಾರೆ. ಅದರಿಂದ ಒಂದು ದಂಟು ಎಳೆದುಕೊಂಡರೆ ಸಾಕು. ಮೇಲಿನ ಗಟ್ಟಿ ಸಿಪ್ಪೆಯನ್ನು ಸುಲಿದರೆ ಒಳಗೆ ಬಿಳಿಯ, ಹಗುರವಾದ, ಮೆತ್ತನೆಯ ಬೆಂಡು. ಬೆಂಡು ಮೈಯಾಗುತ್ತದೆ, ಸಿಪ್ಪೆಯ ಸೀಳು ಮೊಳೆಯಾಗುತ್ತದೆ. ಅಂಟು ಬೇಡ, ದಾರ ಬೇಡ. ಬಂಡಿ, ನೊಗ, ಎತ್ತು, ಕನ್ನಡಕ ಎಲ್ಲ ಹಾಗೇ ಮಾಡುತ್ತಿದ್ದೆವು. ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತ. ನನ್ನ ಎಡಗೈ ಹೆಬ್ಬೆರಳಿನಲ್ಲಿ ಅದರ ಗಾಯದ ಗುರುತು ಅರವತ್ತು ವರ್ಷ ದಾಟಿದರೂ ಇದೆ. ಮಾಡುವ ಮಕ್ಕಳು ದೊಡ್ಡವರನ್ನು ಜೊತೆಗೆ ಕೂಡಿಸಿಕೊಳ್ಳಿ.

ಈಗ ನಮ್ಮ ಸುತ್ತ ಎಲ್ಲಿ ನೋಡಿದರೂ ತೊಗರಿ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಸಂತೋಷದ ಸಂಗತಿ. ಆದರೆ ತೊಗರಿ ಕಟ್ಟಿಗೆಯಲ್ಲಿ ಬೆಂಡಿಲ್ಲ. ಒಲೆಗೆ ಆಗುತ್ತದೆ, ಆಟಿಕೆಗೆ ಆಗುವುದಿಲ್ಲ. ನಮ್ಮ ಓಣಿಯಲ್ಲಿ ಜೋಳ ಬಿತ್ತುವವರು ಕಡಿಮೆಯಾದಂತೆ ದಂಟಿನ ಬಂಡಿಯೂ ಕಡಿಮೆಯಾಯಿತು. ಈ ಹುಡುಗನಿಗೆ ಅವನ ಅಜ್ಜಿ ಬಂಡಿ ಮಾಡುವುದನ್ನು ಕಲಿಸಿದ್ದಳು. ರೋಬೋಟ್ ಮಾತ್ರ ಅವನದೇ. ಎರಡು ದಿನ ಕಟ್ಟೆಯ ಮೇಲೆ ಕೂತು ಅವನು ಕಣ್ಣಿನಲ್ಲೇ ಅಳತೆ ತೆಗೆದುಕೊಂಡಿದ್ದ.

ಮೊಮ್ಮಗ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಇದರಲ್ಲಿ ತೂತೇ ಇಲ್ಲ. ಕೈ ಹೇಗೆ ಬದಲಾಯಿಸೋದು?" ಎಂದ.

"ಇದಕ್ಕ ತೂತು ಯಾಕ ಬೇಕು? ಎಲ್ಲಿ ಚುಚ್ಚತಿ ಅಲ್ಲೇ ತೂತು" ಎಂದ ಹುಡುಗ. ನೀಲಿ ರೋಬೋಟಿನ ತೋಳನ್ನು ತೆಗೆದುಕೊಂಡು ಬೆಂಡಿನ ಭುಜಕ್ಕೆ ಒತ್ತಿದ. ಮೂರು ಮಿಲಿಮೀಟರಿನ ಜಪಾನಿ ಮೊಳೆ ನಮ್ಮ ಜೋಳದ ಬೆಂಡಿನೊಳಗೆ ಕಿರ್ ಎಂದು ಇಳಿದು ನಿಂತಿತು. ಆಮೇಲೆ ಸಿಪ್ಪೆಯ ಸೀಳೊಂದನ್ನು ಕಲ್ಲಿಗೆ ಉಜ್ಜಿ ಸಣ್ಣಗೆ ಮಾಡಿ, ಬೆಂಡಿನ ಕೈಯನ್ನು ನೀಲಿ ರೋಬೋಟಿನ ತೂತಿಗೆ ಸಿಕ್ಕಿಸಿದ. ಅದೂ ನಿಂತಿತು.

ಅಂದು ಸಂಜೆ ನಾನು ರಿಜಿಸ್ಟರಿನಲ್ಲಿ ಐದನೆಯ ಸಾಲು ಬರೆದೆ. ಮೊಮ್ಮಗ ಹೊಸ ಲೆಕ್ಕ ಕೇಳಿದ. ಐದನ್ನು ಏಳು ಸಲ ಗುಣಿಸಿದೆವು. 78,125. ನಾಲ್ಕು ಪೆಟ್ಟಿಗೆಗೆ ಏಳು ಸಾವಿರದ ಇನ್ನೂರು ರೂಪಾಯಿ ಕೊಟ್ಟು ಹದಿನಾರು ಸಾವಿರ ಚಿಲ್ಲರೆ ರೋಬೋಟು ಬಂದಿದ್ದವು. ಒಂದು ದಂಟು ಸೇರಿದ್ದಕ್ಕೆ ಅರವತ್ತೊಂದು ಸಾವಿರದ ಏಳುನೂರ ನಲವತ್ತೊಂದು ಹೆಚ್ಚಾದವು. ಮೊಮ್ಮಗ ಮೂರು ಸಲ ಕೂಡಿ ಕಳೆದು ನೋಡಿದ. ನನ್ನ ಲೆಕ್ಕದ ಮೇಲೆ ಅವನಿಗೆ ನಂಬಿಕೆ ಸಾಲದು.

ಒಂದೇ ಅಳತೆಯ ಗುಟ್ಟು ಹಳೆಯದು. ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬ ಗುಮಾಸ್ತ (ನಮ್ಮವನೇ!) 1901ರಲ್ಲಿ ತೂತಿನ ಲೋಹದ ಪಟ್ಟಿಗಳ ಆಟಿಕೆಗೆ ಪೇಟೆಂಟ್ ಪಡೆದ. ತೂತಿನಿಂದ ತೂತಿಗೆ ಅರ್ಧ ಇಂಚು. ಅದೇ ಮುಂದೆ ಮೆಕಾನೋ ಆಯಿತು. ಆ ಬಗೆಯದೊಂದು ಪೆಟ್ಟಿಗೆಯನ್ನು ನಾನೂ ಮಗನಿಗೆ ಕಲಬುರಗಿಯಲ್ಲಿ ಕೊಡಿಸಿದ್ದೆ. ಡೆನ್ಮಾರ್ಕಿನ ಲೆಗೊ ಇಟ್ಟಿಗೆಯ ಪೇಟೆಂಟ್ ಅರ್ಜಿ 1958ರದು. ಅಂದಿನ ಇಟ್ಟಿಗೆ ಇಂದಿನದಕ್ಕೆ ಕೂಡುತ್ತದೆ. ನಮ್ಮ ಕಿನ್ನಾಳದ ಗೊಂಬೆಯವರದು ಬೇರೆ ದಾರಿ. ಕೊಪ್ಪಳದ ಹತ್ತಿರದ ಆ ಊರಿನ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಸಂದು ಕಾಣದಂತೆ ಬಣ್ಣ ಹಾಕುತ್ತಾರೆ. ಕೂಡಿಸಿದ ಮೇಲೆ ಕಳಚುವ ಮಾತಿಲ್ಲ. ಅದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಈಗ ನಾನೂರು ಎಕರೆಯ ಆಟಿಕೆ ಕ್ಲಸ್ಟರ್ ಬಂದಿದೆ. ಅದಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಆಮದಾಗುವ ಆಟಿಕೆಯ ಮೇಲಿನ ಸುಂಕವನ್ನು ಸರ್ಕಾರ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, ಆಮೇಲೆ 2023ರಲ್ಲಿ 70ಕ್ಕೆ ಏರಿಸಿದೆ. ಮೊಮ್ಮಗನ ಪೆಟ್ಟಿಗೆಯ ಬೆಲೆಯಲ್ಲಿ ಅದರ ಪಾಲೂ ಇರುತ್ತದೆ. ನಮ್ಮ ಹುಡುಗರ ಆಟಕ್ಕೆ ತಕ್ಕ ರೋಬೋಟ್ ನಮ್ಮ ಕಡೆಯೇ ಆಗಲಿ, ಬೆಲೆ ಇಳಿಯಲಿ ಎಂದು ನನಗೂ ಆಸೆ. ಮೊಳೆಯ ಅಳತೆ ಮಾತ್ರ ಮೂರೇ ಇಡಿ ಎಂದು ಮೊಮ್ಮಗ ಹೇಳಿಕಳಿಸಿದ್ದಾನೆ.

ಇನ್ನು ನಡೆದ ಒಂದು ಸಂಗತಿ.

ಹತ್ತನೆಯ ದಿನದ ಸಂಜೆ ಎಣಿಸಿದಾಗ ಪ್ಲಾಸ್ಟಿಕ್ಕಿನ ಲೆಕ್ಕ ಇಪ್ಪತ್ತೇಳಕ್ಕೆ ನಿಂತಿತು. ಕೆಂಪು ರೋಬೋಟಿನ ಎಡಗೈ ಇಲ್ಲ. ಮಂಚದ ಕೆಳಗೆ, ಕಲ್ಲಿನ ಸಂದಿಯಲ್ಲಿ, ಅಂಗಳದ ತೊಟ್ಟಿಯ ಹತ್ತಿರ, ಎಲ್ಲ ಕಡೆ ಹುಡುಕಿದೆವು. ಮನೆಗೆ ನೆಂಟರೊಬ್ಬರು ಬಂದಿದ್ದರು. ಚಹಾದ ಬಟ್ಟಲು ಕೆಳಗಿಡುತ್ತ, "ಹೊರಗಿನ ಹುಡುಗರನ್ನ ಮನಿಯೊಳಗ ಬಿಟ್ರ ಹಿಂಗೇ ಆಗ್ತದ ನೋಡ್ರಿ" ಎಂದರು. ಮೆಲ್ಲಗೆ ಹೇಳಲಿಲ್ಲ. ಆ ಹುಡುಗ ಬಾಗಿಲಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ. ತನ್ನ ದಂಟಿನ ರೋಬೋಟನ್ನು ಕಟ್ಟೆಯ ಮೇಲೇ ಬಿಟ್ಟು ಹೋದ.

ನಾನು ನೆಂಟರಿಗೆ ಹೇಳಿದೆ: "ಲೆಕ್ಕ ತಾಳೆ ಆಗೂ ತನಕ ಯಾರ ಹೆಸರೂ ತಗೀಬಾರದ್ರಿ. ನಮ್ಮ ಕೆಲಸದಾಗ ಅದೇ ಮೊದಲನೆ ಪಾಠ." ಕ್ಯಾಷ್ ಕಡಿಮೆ ಬಂದ ದಿನ ಕೌಂಟರಿನಲ್ಲಿ ಕೂತ ಹೊಸ ಹುಡುಗನ ಮುಖ ಹೇಗಿರುತ್ತದೆಂದು ನಾನು ಬಲ್ಲೆ. ಹಣ ಆಮೇಲೆ ಚೀಟಿಯ ತಪ್ಪಿನಿಂದಲೋ ಕೂಡಿಕೆಯ ತಪ್ಪಿನಿಂದಲೋ ಸಿಕ್ಕರೂ ಆ ಮುಖ ಮೊದಲಿನಂತಾಗಲು ಬಹಳ ದಿನ ಬೇಕು.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೊಮ್ಮಗ ರೋಬೋಟ್ ಮುಟ್ಟಲಿಲ್ಲ, ಊಟವೂ ಸರಿಯಾಗಿ ಮಾಡಲಿಲ್ಲ. ಕೊನೆಗೆ ಮೊಮ್ಮಗಳು ನನ್ನ ಕಿವಿಯಲ್ಲಿ ಊದಿದಳು: "ಅಣ್ಣನೇ ಕೊಟ್ಟಿದ್ದು ಮುತ್ಯಾ. ಎತ್ತಿನ ಬಂಡಿ ತಗೊಂಡು ಕೈ ಕೊಟ್ಟ."

ಕರೆದು ಕೇಳಿದೆ. ಅವನು ಅತ್ತ. ಹುಡುಗ ದಂಟಿನಲ್ಲಿ ಎರಡು ಎತ್ತು, ಒಂದು ಬಂಡಿ ಮಾಡಿ ತಂದಿದ್ದ. ಮೊಮ್ಮಗನಿಗೆ ಅದು ಬೇಕೇ ಬೇಕೆನಿಸಿತು. ಬದಲಿಗೆ ಕೆಂಪು ಎಡಗೈ ಕೊಟ್ಟ. ಬಂಡಿಯನ್ನು ತನ್ನ ಬಟ್ಟೆಯ ಚೀಲದ ತಳದಲ್ಲಿ ಮುಚ್ಚಿಟ್ಟ. ಅಷ್ಟು ದುಡ್ಡಿನ ಗೊಂಬೆಯ ಕೈ ಕೊಟ್ಟುಬಿಟ್ಟೆಯಾ ಎಂದು ಅಮ್ಮ ಬೈದಾಳೆಂದು ಹೆದರಿ, ನೆಂಟರು ಆ ಮಾತು ಹೇಳಿದಾಗಲೂ ಬಾಯಿ ಬಿಡಲಿಲ್ಲ. ಆ ಹುಡುಗನೂ ಬಾಯಿ ಬಿಡಲಿಲ್ಲ. ಹೇಳಿದ್ದರೆ ಗೆಳೆಯನಿಗೆ ಬೈಗುಳ ಬೀಳುತ್ತದೆಂದು ಸುಮ್ಮನಿದ್ದನೋ, ಹೇಳಿದರೂ ಯಾರು ನಂಬುತ್ತಾರೆಂದು ಸುಮ್ಮನಿದ್ದನೋ. ನಾನು ಕೇಳಲಿಲ್ಲ.

ಬೈಯುವ ಕೆಲಸ ನಾನು ಮಾಡಲಿಲ್ಲ. ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡು, ಮೊಮ್ಮಗನನ್ನು ಕರೆದುಕೊಂಡು ಹುಡುಗನ ಮನೆಗೆ ಹೋದೆ. ನೆಂಟರನ್ನೂ ಕರೆದೆ. ಅವರು ಮಂಡಿ ನೋವೆಂದರು. ಮಂಡಿ ನೋವು ನನಗೂ ಇದೆ. ಬಿಡಿಭಾಗ ಬದಲಿಸಬೇಕೆಂದು ಡಾಕ್ಟರು ಎರಡು ವರ್ಷದಿಂದ ಹೇಳುತ್ತಿದ್ದಾರೆ.

ಹುಡುಗನ ಅಜ್ಜಿ ಹೊರಗೆ ಗೋಣಿತಟ್ಟು ಹಾಸಿದಳು. ಅವಳ ಮುಂದೆಯೇ ಪುಸ್ತಕ ತೆರೆದು, ತಾರೀಖು ಹಾಕಿ, ಗಟ್ಟಿಯಾಗಿ ಓದುತ್ತ ಬರೆದೆ. ಜಮಾ: ದಂಟಿನ ಎತ್ತು ಎರಡು, ಬಂಡಿ ಒಂದು. ಖರ್ಚು: ಕೆಂಪು ಎಡಗೈ ಒಂದು. ವ್ಯವಹಾರ ಒಪ್ಪಿಗೆಯಿಂದ ಆಗಿದೆ. ಇಬ್ಬರ ಸಹಿ ಬೇಕೆಂದೆ. ಮೊಮ್ಮಗ ಇಂಗ್ಲಿಷಿನಲ್ಲಿ ಹಾಕಿದ, ಹುಡುಗ ಕನ್ನಡದಲ್ಲಿ. ಅಜ್ಜಿ ಒಳಗಿನಿಂದ ಆ ಕೆಂಪು ಕೈಯನ್ನು ತಂದು ನನ್ನ ಮುಂದಿಟ್ಟಳು. "ಒಯ್ರೀ ಅಪ್ಪಾ, ನಮಗ್ಯಾಕ ಬೇಕು ಇದು. ಎರಡ ದಿನದಿಂದ ಹುಡುಗ ಸರಿಯಾಗಿ ಉಂಡಿಲ್ಲ" ಎಂದಳು. ನಾನು, "ಇದು ನಿಮ್ಮ ಮೊಮ್ಮಗನ ದುಡಿಮಿದು, ಯಮ್ಮಾ. ವಾಪಸ್ ತಗೊಳ್ಳಾಕ ನಮಗ ಹಕ್ಕಿಲ್ಲ" ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮನೆಗೆ ಬಂದು ನೆಂಟರಿಗೂ ಆ ಪುಟ ತೆರೆದು ತೋರಿಸಿದೆ. ಓದಿದರು. ಏನೂ ಹೇಳಲಿಲ್ಲ.

ಆದರೂ ಹುಡುಗ ಮರುದಿನ ನಮ್ಮ ಮನೆಗೆ ಬರಲಿಲ್ಲ. ಸಹಿ ಹಾಕಿದ ಕೂಡಲೇ ಎಲ್ಲ ಸರಿಹೋಗುವುದು ಬ್ಯಾಂಕಿನಲ್ಲಿ ಮಾತ್ರ. ಮೊಮ್ಮಗನೇ ರೋಬೋಟಿನ ಚೀಲ ಹೊತ್ತು, ಕಟ್ಟೆಯ ಮೇಲೆ ಬಿಟ್ಟುಹೋದ ದಂಟಿನ ರೋಬೋಟನ್ನೂ ಹಿಡಿದು ಅವನ ಮನೆಗೆ ಹೋಗತೊಡಗಿದ. ಅಲ್ಲಿ ನೆಲ ಸೆಗಣಿ ಸಾರಿಸಿದ್ದು. ಸಂದಿಯಿಲ್ಲ, ಮೊಳೆ ಕಳೆಯುವುದಿಲ್ಲ. ನಾಲ್ಕನೆಯ ದಿನ ಇಬ್ಬರೂ ಕೂಡಿ ನಮ್ಮ ಪಡಸಾಲೆಗೆ ಬಂದರು. ನನ್ನ ಹೆಂಡತಿ ಏನೂ ಕೇಳದೆ ಮೂರು ಬಟ್ಟಲು ಮಜ್ಜಿಗೆ ತಂದಿಟ್ಟಳು.

ಆಮೇಲಿನ ದಿನಗಳಲ್ಲಿ ಮಕ್ಕಳು ಬಹಳ ಕಲಿತರು. ಪದೇ ಪದೇ ಕಳಚಿದರೆ ಪ್ಲಾಸ್ಟಿಕ್ಕಿನ ಕೀಲು ಸಡಿಲಾಗುತ್ತದೆ. ಕೂಡಿಡುವವರು ಮೊಳೆಗೆ ಬಣ್ಣವಿಲ್ಲದ ಉಗುರು ಪಾಲಿಷ್ ಒಂದು ಪದರ ಹಚ್ಚಿ, ಚೆನ್ನಾಗಿ ಒಣಗಿಸಿ ಬಿಗಿ ಮಾಡುತ್ತಾರಂತೆ. ಸೊಸೆಯ ಶೀಶೆಯಿಂದ ಅದನ್ನು ಮಾಡಿ ನೋಡಿದೆವು, ಆಯಿತು. ಹುಡುಗ ಮೊಳೆಗೆ ನೂಲಿನ ಒಂದೆಳೆ ಸುತ್ತಿ ಬಿಗಿ ಮಾಡಿದ, ಅದೂ ಆಯಿತು. ಬೆಂಡು ಸಡಿಲಾದರೆ ಪಕ್ಕದಲ್ಲಿ ಚುಚ್ಚಿದರೆ ಮುಗಿಯಿತು. ಈ ರೋಬೋಟುಗಳಿಗೆ ಇನ್ನೊಂದು ರೋಗವಿದೆ: ಹೆಗಲಿಗೆ, ಬೆನ್ನಿಗೆ ಭಾರ ಹೇರಿದರೆ ಹಿಂದಕ್ಕೆ ಬೀಳುತ್ತವೆ. ಹುಡುಗ ದಂಟಿನಲ್ಲಿ ಅಗಲವಾದ ಪಾದಗಳನ್ನು ಮಾಡಿ ಕೊಟ್ಟ.

ಕೊನೆಕೊನೆಗೆ ಜರಾಸಂಧ ಎಂದು ಹೆಸರಿಟ್ಟ ಕೆಂಪು ರೋಬೋಟಿನಲ್ಲಿ ಅದರದೇ ಆದದ್ದು ಎದೆಯೊಂದೇ ಉಳಿದಿತ್ತು. ತಲೆ ನೀಲಿ, ಸೊಂಟ ಬಿಳಿ, ಎಡಗೈ ದಂಟು. ಹಾಗಾದರೆ ಇದು ಜರಾಸಂಧನೇ ಹೌದೇ ಎಂದು ನಾನು ಮಕ್ಕಳನ್ನು ಕೇಳಿದೆ. ಬೇತಾಳ ವಿಕ್ರಮನನ್ನು ಕೇಳಿದ ಪ್ರಶ್ನೆಯೂ ಇಂಥದ್ದೇ. ಇಬ್ಬರ ತಲೆ ಕಡಿದು ಬಿದ್ದಿತ್ತು, ಜೋಡಿಸುವಾಗ ಅದಲು ಬದಲಾಯಿತು. ಈಗ ಇವರಲ್ಲಿ ಯಾರು ಯಾರು? ತಲೆಯೇ ದೊಡ್ಡದು, ತಲೆ ಯಾರದೋ ಆತನೇ ಅವನು ಎಂದು ವಿಕ್ರಮ ಉತ್ತರಿಸಿದ. ಸೋಮದೇವ ಕಥಾಸರಿತ್ಸಾಗರದಲ್ಲಿ ಹೇಳಿದ ಈ ಕಥೆ ಜರ್ಮನಿಗೂ ಹೋಗಿ ಕಾದಂಬರಿಯಾಗಿ, ಗಿರೀಶ ಕಾರ್ನಾಡರ 'ಹಯವದನ' ನಾಟಕವಾಗಿ ಕನ್ನಡಕ್ಕೆ ಬಂತು. ನಮ್ಮ ಗಣಪತಿಯ ತಲೆಯೇ ಬದಲಿ ತಲೆ. ಆದರೂ ಅವನು ಪಾರ್ವತಿಯ ಮಗನಲ್ಲವೆಂದು ಯಾರೂ ಅನ್ನಲಿಲ್ಲ.

ಮೊಮ್ಮಗ ವಿಕ್ರಮನ ಪಕ್ಷ, ತಲೆಯೇ ಎಂದ. ಮೊಮ್ಮಗಳು ಒಪ್ಪಲಿಲ್ಲ. "ಎದೆ. ಎಲ್ಲ ತೂತೂ ಅದರಲ್ಲೇ ಇರೋದು. ಎದೆ ಇಲ್ಲದೆ ಯಾವುದೂ ನಿಲ್ಲಲ್ಲ" ಎಂದಳು. ಆ ಹುಡುಗನನ್ನು ಕೇಳಿದೆ. ಅವನು ರೋಬೋಟಿನ ದಂಟಿನ ಪಾದ ಸರಿಪಡಿಸುತ್ತಿದ್ದ. "ಬೀಳಲಾರದಂಗ ನಿಂತ್ರ ಸಾಕ್ರಿ, ಮುತ್ಯಾ" ಎಂದ.

ಮಕ್ಕಳು ಬೆಂಗಳೂರಿಗೆ ಹೊರಡುವ ದಿನ ಎಣಿಸಿದೆವು. ಪ್ಲಾಸ್ಟಿಕ್ ಇಪ್ಪತ್ನಾಲ್ಕು, ದಂಟು ಹನ್ನೊಂದು. ನಾಲ್ಕು ಕಡಿಮೆ ಇದ್ದವು. ನಾಲ್ಕಕ್ಕೂ ಪುಸ್ತಕದಲ್ಲಿ ನಮೂದ ಇತ್ತು, ಸಹಿಯೂ ಇತ್ತು. ಬಂಡಿ ಮತ್ತು ಎತ್ತುಗಳನ್ನು ಸೊಸೆ ತನ್ನ ಸೀರೆಯ ನಡುವೆ ಇಟ್ಟು ಒಯ್ದಳು.

ಮಳೆಗಾಲದಲ್ಲಿ ದಂಟಿನ ರೋಬೋಟಿಗೆ ಹುಳ ಬಿದ್ದು ಪುಡಿಯಾಯಿತು. ಪ್ಲಾಸ್ಟಿಕ್ಕಿಗೆ ಆ ಭಯವಿಲ್ಲ. ಹೊಸದು ಮಾಡಲು ಓಣಿಯಲ್ಲಿ ಎಲ್ಲೂ ಒಳ್ಳೆಯ ದಂಟು ಉಳಿದಿರಲಿಲ್ಲ. ನಮ್ಮ ಹೊಲ ಮಾಡುವವನಿಗೆ, ಈ ಸಲ ಹಿಂಗಾರಿಗೆ ಬಾವಿಯ ಮಗ್ಗುಲಿನ ಅರ್ಧ ಎಕರೆ ಜೋಳ ಬಿತ್ತು ಎಂದೆ. ಅದರಿಂದ ಏನು ಹುಟ್ಟುತ್ತದೆ ಎಂದು ಅವನು ಲೆಕ್ಕ ಹೇಳಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಬಿತ್ತು ಎಂದೆ. ಈಗ ಭಾನುವಾರ ಮೊಮ್ಮಗನ ಫೋನು ಬಂದರೆ ನನ್ನ ಆರೋಗ್ಯ ವಿಚಾರಿಸುವ ಮೊದಲು, ಜೋಳ ಎಷ್ಟು ಎತ್ತರ ಬಂದಿದೆ ಎಂದು ಕೇಳುತ್ತಾನೆ. ಓಣಿಯ ಹುಡುಗ ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋಗಿ ನೋಡಿ ಬಂದು ಹೇಳುತ್ತಾನೆ. ಹೋದ ವಾರ ಅವನ ಎದೆಮಟ್ಟಕ್ಕೆ ಇತ್ತಂತೆ.